ಕುದುರೆಯ ಜಂತುಚಿಕಿತ್ಸೆ

ಕುದುರೆಯ ಜಠರ, ಕರುಳು, ರಕ್ತನಾಳ, ಶ್ವಾಸಕೋಶ ಮೊದಲಾದ ಕಡೆ ನೆಲೆಸುವ ಪರಾವಲಂಬಿ ಹುಳುಗಳನ್ನು ಔಷಧ ಕೊಟ್ಟು ಹತೋಟಿಯಲ್ಲಿಡುವ ಕ್ರಮ. ಹುಳುಗಳನ್ನು ಬೇರುಸಹಿತ ಕಿತ್ತುಹಾಕುವುದು ಈ ಚಿಕಿತ್ಸೆಯ ಗುರಿಯಲ್ಲ, ಅದು ಸಾಧ್ಯವೂ ಇಲ್ಲ. ಹುಲ್ಲು ಮೇಯುವ ಪ್ರತಿಯೊಂದು ಕುದುರೆಯ ಹೊಟ್ಟೆಯಲ್ಲೂ ಒಂದಷ್ಟು ಹುಳುಗಳು ಇದ್ದೇ ಇರುತ್ತವೆ. ಅವು ಪ್ರಾಣಿಗೆ ತೊಂದರೆಯಾಗುವ ಮಟ್ಟ ಮುಟ್ಟದಂತೆ, ಬಯಲಿಗೆ ಬೀಳುವ ಮೊಟ್ಟೆಗಳು ಮಿತಿ ಮೀರದಂತೆ ನೋಡಿಕೊಂಡರೆ ಸಾಕು. ಯಾವ ಮದ್ದು, ಯಾವ ಕುದುರೆಗೆ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಊರಿಂದೂರಿಗೆ, ಮಳೆಯಿಂದ ಮಳೆಗೆ ಉತ್ತರ ಬದಲಾಗುತ್ತದೆ. ಈ ಲೇಖನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹವೆ ಮತ್ತು ಸಾಕಣೆಯನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಭೀಮಾತೀರದ ಕುದುರೆಗಳು

ಇಂದು ಇಂಡಿ ತಾಲ್ಲೂಕಿನ ಸಾಲೋಟಗಿ ಸುತ್ತಿನ ಎರೆಹೊಲಗಳಲ್ಲಿ ಕುದುರೆ ಕಣ್ಣಿಗೆ ಬೀಳುವುದು ಮುಖ್ಯವಾಗಿ ಕುರಿಹಿಂಡಿನ ಜೊತೆಗೆ. ಹಿಂಗಾರು ಮುಗಿದ ಮೇಲೆ ಮೇವು ಅರಸಿ ಹೊರಡುವ ಕುರಿಗಾರರು ಕಂಬಳಿ, ಪಾತ್ರೆ, ಬಲೆ, ಆಗಷ್ಟೇ ಹುಟ್ಟಿದ ಕುರಿಮರಿ, ಕೋಳಿ, ಕೆಲವೊಮ್ಮೆ ನಡೆಯಲಾರದ ಕೂಸನ್ನೂ ತಟ್ಟುಗಳ ಮೇಲೆ ಹೇರುತ್ತಾರೆ. ಗಿಡ್ಡನೆಯ, ಗಟ್ಟಿಗೊರಸಿನ, ಕಡಿಮೆ ಮೇವಿನಲ್ಲಿ ಬದುಕುವ ಈ ದಖ್ಖನಿ ಕುದುರೆಗಳ ಪೈಕಿ ಭೀಮಥಡಿ ತಳಿಗೆ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋದ ನೋಂದಣಿ ಸಿಕ್ಕಿತು; 2024ರ ಆರಂಭದಲ್ಲಿ ಪ್ರಕಟವಾದ ಹೊಸ ತಳಿಗಳ ಪಟ್ಟಿಯಲ್ಲಿ ಅದು ಮಹಾರಾಷ್ಟ್ರದ ತಳಿಯಾಗಿ ಸೇರಿದೆ. ಭೀಮೆ ಎರಡು ರಾಜ್ಯಗಳಲ್ಲಿ ಹರಿಯುವ ನದಿ. ಕುರಿಗಾರನ ತಟ್ಟು ಗಡಿ ನೋಡಿ ನಡೆಯುವುದಿಲ್ಲ.

ಇವುಗಳಲ್ಲದೆ ವಿಜಯಪುರ ನಗರದ ಟಾಂಗಾ ಕುದುರೆಗಳು, ಜಾತ್ರೆಗಳ ಕುದುರೆಗಾಡಿ ಶರ್ಯತ್ತಿಗೆಂದು ಸಾಕಿದವು, ಮದುವೆ ಮೆರವಣಿಗೆಯವು ಇವೆ. ಚಿಕ್ಕೋಡಿ ಭಾಗದ ಅಂಕಲಿಯಿಂದ ಪ್ರತಿವರ್ಷ ಜ್ಞಾನೇಶ್ವರ ಪಾಲಖಿಗಾಗಿ ಆಳಂದಿಗೆ ಕಾಲ್ನಡಿಗೆಯಲ್ಲಿ ಹೋಗುವ ಕುದುರೆಗಳನ್ನೂ ಇಲ್ಲಿ ನೆನೆಯಬಹುದು. ಕರ್ನಾಟಕದ ಕುದುರೆ ಎಂದೊಡನೆ ಕುಣಿಗಲ್ ಸ್ಟಡ್ ಫಾರ್ಮ್ ಮತ್ತು ಬೆಂಗಳೂರು, ಮೈಸೂರುಗಳ ರೇಸ್ ಲಾಯಗಳ ನೆನಪಾಗುವುದು ಸಹಜ. ಅಲ್ಲಿ ವೈದ್ಯರು, ಪ್ರಯೋಗಾಲಯ, ದಾಖಲೆ ಪುಸ್ತಕ ಎಲ್ಲ ಇರುತ್ತವೆ. ಕುರಿಹಿಂಡಿನ ತಟ್ಟಿಗೆ ಇವೊಂದೂ ಇಲ್ಲ, ಮದ್ದಿನ ಆಯ್ಕೆ ತಪ್ಪುವುದು ಹೆಚ್ಚಾಗಿ ಅದರ ವಿಷಯದಲ್ಲೇ. ದೇಶದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ಸುಮಾರು 6.2 ಲಕ್ಷ ಇದ್ದದ್ದು 2019ರ ಗಣತಿಯಲ್ಲಿ 3.4 ಲಕ್ಷಕ್ಕೆ ಇಳಿಯಿತು. ಸಂಖ್ಯೆ ಇಳಿದಂತೆ ಕುದುರೆಗೆಂದೇ ತಯಾರಾದ ಮದ್ದು ತಾಲ್ಲೂಕಿನ ಅಂಗಡಿಯಲ್ಲಿ ಸಿಗುವುದೂ ಅಪರೂಪವಾಗಿ, ದನದ ಗುಳಿಗೆ, ಕುರಿಯ ದ್ರಾವಣಗಳೇ ಕುದುರೆಗೂ ಬಳಕೆಯಾಗುತ್ತಿವೆ.

ಮುಖ್ಯ ಹುಳುಗಳು

ವಯಸ್ಕ ಕುದುರೆಗಳಲ್ಲಿ ಅತಿ ಹೆಚ್ಚು ಕಾಣುವವು ಸಣ್ಣ ಸ್ಟ್ರಾಂಜೈಲ್‌ಗಳು. ಸುಮಾರು 50 ಪ್ರಭೇದಗಳ ಈ ಗುಂಪಿನ ಮರಿಹುಳುಗಳು ದೊಡ್ಡ ಕರುಳಿನ ಗೋಡೆಯೊಳಗೆ ಹೊಕ್ಕು, ಸುತ್ತ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷದವರೆಗೂ ಸುಪ್ತವಾಗಿರಬಲ್ಲವು. ಹಾಗೆ ಅಡಗಿದವು ಒಟ್ಟಿಗೆ ಗೋಡೆ ಒಡೆದು ಹೊರಬಂದರೆ ತೀವ್ರ ಭೇದಿ, ಮೈಯಿಳಿತ, ಕೆಳಹೊಟ್ಟೆಯಲ್ಲಿ ಬಾವು ಕಾಣಿಸಿ, ವಿಶೇಷವಾಗಿ ಎಳೆಯ ಕುದುರೆಗಳು ಸಾಯುವುದುಂಟು. ಈ ಸುಪ್ತ ಮರಿಗಳು ಲದ್ದಿ ಪರೀಕ್ಷೆಯಲ್ಲಿ ತೋರುವುದಿಲ್ಲ, ಸಾಮಾನ್ಯ ಪ್ರಮಾಣದ ಹೆಚ್ಚಿನ ಮದ್ದುಗಳಿಗೆ ಸಿಗುವುದೂ ಇಲ್ಲ.

ದೊಡ್ಡ ಸ್ಟ್ರಾಂಜೈಲ್‌ಗಳಲ್ಲಿ ಸ್ಟ್ರಾಂಜೈಲಸ್ ವಲ್ಗ್ಯಾರಿಸ್ ಒಂದು ಕಾಲಕ್ಕೆ ಕುದುರೆಯ ಮುಖ್ಯ ವೈರಿಯಾಗಿತ್ತು. ಅದರ ಮರಿಗಳು ಕರುಳಿಗೆ ರಕ್ತ ಒಯ್ಯುವ ಮುಖ್ಯ ಅಪಧಮನಿಯ ಒಳಗೋಡೆಯಲ್ಲಿ ತಿರುಗಾಡಿ ಅದನ್ನು ಊದಿಸುತ್ತವೆ. ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಕಳಚಿ ಮುಂದಿನ ಕಿರುನಾಳವನ್ನು ಮುಚ್ಚಿದರೆ ಕರುಳಿನ ಆ ಭಾಗ ಸಾಯುತ್ತದೆ. ಮಾರಕ ಹೊಟ್ಟೆಶೂಲೆಗೆ ಇದೂ ಒಂದು ಕಾರಣ. ಸೋಂಕು ತಗಲಿದ ಮೇಲೆ ಲದ್ದಿಯಲ್ಲಿ ಮೊಟ್ಟೆ ಕಾಣಲು 6ರಿಂದ 7 ತಿಂಗಳು ಬೇಕು. ಅಷ್ಟರಲ್ಲಿ ಕೇಡು ಆಗಿಹೋಗಿರುತ್ತದೆ.

ಮರಿಕುದುರೆಯ ಹುಳುವೇ ಬೇರೆ. ಪ್ಯಾರಾಸ್ಕಾರಿಸ್ ಎಂಬ ದುಂಡುಹುಳು ಬೆಳೆದಾಗ 50 ಸೆಂಟಿಮೀಟರ್‌ವರೆಗೂ ಉದ್ದವಿದ್ದು ಪೆನ್ಸಿಲ್ಲಿನಷ್ಟು ದಪ್ಪವಾಗುತ್ತದೆ. ನುಂಗಿದ ಮೊಟ್ಟೆಯೊಡೆದ ಮರಿಹುಳು ಪಿತ್ತಜನಕಾಂಗ, ಶ್ವಾಸಕೋಶಗಳನ್ನು ದಾಟಿ, ಕೆಮ್ಮಿನೊಡನೆ ಗಂಟಲಿಗೆ ಬಂದು, ಮತ್ತೆ ಸಣ್ಣ ಕರುಳಿಗೆ ಇಳಿಯುತ್ತದೆ. ಆದ್ದರಿಂದ ಮೂರು-ನಾಲ್ಕು ತಿಂಗಳ ಮರಿಯ ಮೂಗು ಸೋರಿ ಕೆಮ್ಮು ಬಂದರೆ ನೆಗಡಿ ಎಂದು ಕೈಬಿಡಬಾರದು. ಈ ಹುಳುವಿನ ಮೊಟ್ಟೆಯ ಹೊದಿಕೆ ದಪ್ಪ; ಲಾಯದ ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ ಅದು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ವರ್ಷ ತುಂಬಿದ ಮೇಲೆ ಹೆಚ್ಚಿನ ಕುದುರೆಗಳಲ್ಲಿ ಇದರ ವಿರುದ್ಧ ಪ್ರತಿರೋಧ ಬೆಳೆಯುತ್ತದೆ.

ಲಾಡಿಹುಳು ಸಣ್ಣ ಕರುಳು ಮುಗಿದು ದೊಡ್ಡ ಕರುಳು ತೊಡಗುವ ಸಂದಿನಲ್ಲಿ ಗುಂಪಾಗಿ ಅಂಟಿಕೊಳ್ಳುತ್ತದೆ. ಹುಲ್ಲಿನ ಬುಡದಲ್ಲಿರುವ ಅತಿಸಣ್ಣ ಉಣ್ಣಿಜಾತಿಯ ಜೀವಿಗಳು ಇದನ್ನು ಹೊರುತ್ತವೆ. ಬಾಲ ಉಜ್ಜಿ ಉಜ್ಜಿ ಕೂದಲು ಕಿತ್ತುಹೋಗಿದ್ದರೆ ಸೂಜಿಹುಳು ಎಂದು ಶಂಕಿಸಬೇಕು. ಅದು ಗುದದ ಸುತ್ತ ಮೊಟ್ಟೆ ಅಂಟಿಸುವುದರಿಂದ ಲದ್ದಿಯಲ್ಲಿ ಹುಡುಕುವುದಕ್ಕಿಂತ ಅಂಟುಪಟ್ಟಿಯನ್ನು ಅಲ್ಲಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸರಿ.

ನಮ್ಮ ಹವೆಗೆ ವಿಶೇಷವಾದ ಎರಡು ತೊಂದರೆಗಳನ್ನು ಪಾಶ್ಚಾತ್ಯ ಕೈಪಿಡಿಗಳು ಅಂಚಿನಲ್ಲಿಡುತ್ತವೆ. ಒಂದು, ಬರ್ಸಾತಿ ಹುಣ್ಣು. ಜಠರದಲ್ಲಿರುವ ಹ್ಯಾಬ್ರೊನೀಮಾ ಹುಳುವಿನ ಮರಿಗಳು ನೊಣದ ಮೂಲಕ ಗಾಯಕ್ಕೆ ಇಳಿದು, ಮಳೆಗಾಲ ಪೂರ್ತಿ ಮಾಯದೆ ಕೆಂಪಗೆ ಉಬ್ಬುವ ಹುಣ್ಣು ಮಾಡುತ್ತವೆ. ಜೀನು ಉಜ್ಜಿದ ಬೆನ್ನು, ಕಣ್ಣಿನ ಮೂಲೆ, ಕಾಲಿನ ಗಾಯ ಇದಕ್ಕೆ ಸಲೀಸಾದ ಜಾಗಗಳು. ಹೇರು ಹೊರುವ ತಟ್ಟಿಗೆ ಬೆನ್ನುಹುಣ್ಣು ಮಾಮೂಲಿ. ಅದು ಮುಲಾಮಿಗೆ ಬಗ್ಗದಿದ್ದರೆ ಹೊಟ್ಟೆಯ ಹುಳುವಿನ ಕಡೆ ನೋಡಬೇಕು. ಇನ್ನೊಂದು ಕುಮ್ರಿ, ಅಂದರೆ ಸೊಂಟದ ಬಲ ಹೋಗುವ ರೋಗ. ದನಗಳ ಹೊಟ್ಟೆಯ ಕುಹರದಲ್ಲಿ ನಿರುಪದ್ರವಿಯಾಗಿರುವ ಸೆಟೇರಿಯಾ ಹುಳುವಿನ ಮರಿ ಸೊಳ್ಳೆಯಿಂದ ಕುದುರೆಗೆ ದಾಟಿದರೆ ದಾರಿ ತಪ್ಪಿ ಬೆನ್ನುಹುರಿ ಸೇರುತ್ತದೆ. ದನದ ಕೊಟ್ಟಿಗೆಯ ಪಕ್ಕದಲ್ಲೇ ಕುದುರೆ ಕಟ್ಟುವ ನಮ್ಮ ಹಳ್ಳಿಗಳಲ್ಲಿ ಇದನ್ನು ಮರೆಯುವಂತಿಲ್ಲ. ಹಿಂಗಾಲು ಎಳೆಯತೊಡಗಿದ ಮೇಲೆ ಕೊಟ್ಟ ಮದ್ದಿನಿಂದ ಪ್ರಯೋಜನ ಕಡಿಮೆ. ಹೊಗೆ, ಸೊಳ್ಳೆಪರದೆ, ನಿಂತ ನೀರಿನ ವಿಲೇವಾರಿಗಳೇ ಇಲ್ಲಿ ಮೇಲು.

ಹುಳುವಲ್ಲದಿದ್ದರೂ ಜಂತುಚಿಕಿತ್ಸೆಯಲ್ಲೇ ಲೆಕ್ಕಕ್ಕೆ ಬರುವುದು ಬಾಟ್ ನೊಣದ ಮರಿ. ಮುಂಗಾಲಿನ ಕೂದಲಿಗೆ ಸಣ್ಣ ಹಳದಿ ಚುಕ್ಕಿಗಳಂತೆ ಅಂಟಿದ ಮೊಟ್ಟೆಗಳನ್ನು ಕುದುರೆ ನೆಕ್ಕಿದಾಗ ಮರಿಗಳು ಬಾಯಿಗೆ, ಅಲ್ಲಿಂದ ಜಠರಕ್ಕೆ ಹೋಗಿ ಗೋಡೆಗೆ ಕಚ್ಚಿಕೊಂಡು ಎಂಟು-ಹತ್ತು ತಿಂಗಳು ಇರುತ್ತವೆ. ಕತ್ತೆಗಳೊಡನೆ ಮೇಯುವ ಕುದುರೆಗೆ ಶ್ವಾಸಕೋಶದ ಹುಳುವೂ ತಗಲಬಹುದು. ಕತ್ತೆ ಅದನ್ನು ಕೆಮ್ಮದೆಯೇ ಹೊತ್ತಿರುತ್ತದೆ.

ಮೈಯಿಳಿದು ರಕ್ತ ಬತ್ತಿದ ಪ್ರತಿಯೊಂದು ಕುದುರೆಗೂ ಜಂತೇ ಕಾರಣವಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ರಕ್ತ ಹೀರುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲೂ ಇದೇ ಲಕ್ಷಣಗಳು. ಅದಕ್ಕೆ ಎಷ್ಟು ಜಂತಿನ ಮದ್ದು ಕೊಟ್ಟರೂ ವ್ಯರ್ಥ, ರಕ್ತಪರೀಕ್ಷೆ ಆಗಬೇಕು. ಸವೆದ ಹಲ್ಲಿನಿಂದ ಕಣಿಕೆ ಅಗಿಯಲಾಗದೆ ಬಡವಾದ ಮುದಿ ಕುದುರೆಗೂ ಅಂಗಡಿಯವರು ಜಂತಿನ ಗುಳಿಗೆಯನ್ನೇ ಕೊಡುತ್ತಾರೆ.

ಔಷಧದ ಆಯ್ಕೆ

ಬಳಕೆಯಲ್ಲಿರುವ ಬ್ರ್ಯಾಂಡುಗಳು ಹಲವಾದರೂ ಒಳಗಿನ ಮದ್ದಿನ ಗುಂಪುಗಳು ಬೆರಳೆಣಿಕೆಯಷ್ಟೇ. ಡಬ್ಬಿಯ ಬಣ್ಣ ಬದಲಾದರೆ ಮದ್ದು ಬದಲಾದಂತಲ್ಲ. ಸಣ್ಣ ಅಕ್ಷರದಲ್ಲಿರುವ ರಾಸಾಯನಿಕ ಹೆಸರನ್ನು ಓದಬೇಕು.

ಬೆಂಜಿಮಿಡಜೋಲ್ ಗುಂಪಿನ ಫೆನ್‌ಬೆಂಡಜೋಲ್ ಹುಳುವಿನ ಜೀವಕೋಶದ ಒಳಚೌಕಟ್ಟನ್ನು ಕೆಡಿಸಿ ಅದು ನಿಧಾನವಾಗಿ ಹಸಿದು ಸಾಯುವಂತೆ ಮಾಡುತ್ತದೆ. ಕಿಲೋ ಮೈತೂಕಕ್ಕೆ 5ರಿಂದ 7.5 ಮಿಲಿಗ್ರಾಂ ಸಾಮಾನ್ಯ ಪ್ರಮಾಣ, ಮರಿಗಳ ದುಂಡುಹುಳುವಿಗೆ 10 ಮಿಲಿಗ್ರಾಂ. ಗಬ್ಬದ ಕುದುರೆ, ಬಡಕಲು ಕುದುರೆ, ಎಳೆಮರಿ ಎಲ್ಲಕ್ಕೂ ಸುರಕ್ಷಿತ. ಆದರೆ ಸಣ್ಣ ಸ್ಟ್ರಾಂಜೈಲ್‌ಗಳು ಜಗತ್ತಿನ ಬಹುಭಾಗದಲ್ಲಿ ಇದಕ್ಕೆ ಒಗ್ಗಿಹೋಗಿವೆ. ಪೈರಾಂಟೆಲ್ ಹುಳುವಿನ ಸ್ನಾಯುಗಳನ್ನು ಸೆಟೆಸಿ ಕಳಚಿ ಬೀಳಿಸುತ್ತದೆ; ಕಿಲೋಗೆ 6.6 ಮಿಲಿಗ್ರಾಂ ದುಂಡುಹುಳುಗಳಿಗೆ, ಅದರ ಇಮ್ಮಡಿ ಲಾಡಿಹುಳುವಿಗೆ.

ಐವರ್ಮೆಕ್ಟಿನ್ ಕಿಲೋಗೆ 0.2 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದಲ್ಲೇ ದೊಡ್ಡ ಸ್ಟ್ರಾಂಜೈಲ್‌ಗಳ ಸಂಚಾರಿ ಮರಿಗಳನ್ನೂ ಬಾಟ್ ಮರಿಗಳನ್ನೂ ಕೊಲ್ಲುತ್ತದೆ, ಬರ್ಸಾತಿ ಹುಣ್ಣಿಗೂ ಒಗ್ಗುತ್ತದೆ. ಲಾಡಿಹುಳುವಿಗೆ ಮಾತ್ರ ಇದು ನಾಟದು. ಅದೇ ಗುಂಪಿನ ಮಾಕ್ಸಿಡೆಕ್ಟಿನ್ ಕಿಲೋಗೆ 0.4 ಮಿಲಿಗ್ರಾಂ ಕೊಟ್ಟರೆ ಕರುಳಗೋಡೆಯ ಸುಪ್ತ ಮರಿಗಳವರೆಗೂ ಮುಟ್ಟುತ್ತದೆ. ಅದು ಕೊಬ್ಬಿನಲ್ಲಿ ಸಂಗ್ರಹವಾಗುವ ಮದ್ದಾದ್ದರಿಂದ ಎಳೆಮರಿಗೂ ಎಲುಬು ಕಾಣುವ ಬಡಕಲು ಕುದುರೆಗೂ ಅಪಾಯಕಾರಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ನೆಚ್ಚಬಹುದಾದ ಮದ್ದು. ಐವರ್ಮೆಕ್ಟಿನ್ ಜೊತೆ ಸೇರಿಸಿದ ಪೇಸ್ಟ್‌ಗಳೂ ಇವೆ.

ಕುರಿಗಾರರ ಚೀಲದಲ್ಲಿ ಸದಾ ಇರುವ ಮದ್ದುಗಳ ಮಾತು ಬೇರೆ. ಲೆವಾಮಿಸೋಲ್ ಕುರಿಗೆ ಒಳ್ಳೆಯದು, ಕುದುರೆಯಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ತೀರ ಕಿರಿದು. ರಕ್ತ ಹೀರುವ ಜಂತಿಗೆಂದು ಕುರಿಗೆ ಕುಡಿಸುವ ಕ್ಲೋಸಾಂಟೆಲ್ ಪ್ರಮಾಣ ಮೀರಿದರೆ ಕುರಿಯನ್ನೇ ಕುರುಡು ಮಾಡುತ್ತದೆ. ಕುದುರೆಗೆ ಅದರ ಗೊಡವೆ ಬೇಡ. ದನಕ್ಕೆ ಚರ್ಮದಡಿ ಚುಚ್ಚುವ ಐವರ್ಮೆಕ್ಟಿನ್ ಸೂಜಿಮದ್ದನ್ನು ಕುದುರೆಗೆ ಚುಚ್ಚುವ ರೂಢಿ ಹಲವೆಡೆ ಇದೆ. ಚುಚ್ಚಿದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಸೋಂಕಾಗಿ ಸ್ನಾಯು ಕೊಳೆತು ಕುದುರೆ ಸತ್ತ ಪ್ರಸಂಗಗಳು ಈ ಮದ್ದಿನ ಮೊದಲ ವರ್ಷಗಳಲ್ಲೇ ದಾಖಲಾಗಿ, ಕುದುರೆಗೆ ಬಾಯಿಮೂಲಕ ಕೊಡುವ ಪೇಸ್ಟ್ ಬಂದಿತು. ಚುಚ್ಚುಮದ್ದು ಅಗ್ಗ ಎಂಬುದು ನಿಜ, ಆದರೆ ಅದನ್ನು ಸಮರ್ಥಿಸುವುದು ಕಷ್ಟ.

ಬೇವು, ಮುತ್ತುಗದ ಬೀಜ, ಓಮ, ಬೆಳ್ಳುಳ್ಳಿಗಳನ್ನು ಅರೆದು ಕೊಡುವ ಪದ್ಧತಿ ಹಳೆಯದು. ಈ ನಾಡಿನಲ್ಲಿ ಪಶುವೈದ್ಯದ ಬರಹಕ್ಕೂ ಹಳಮೆ ಇದೆ: ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೆಯ ಶತಮಾನದಲ್ಲಿ ಕನ್ನಡದಲ್ಲಿ ‘ಗೋವೈದ್ಯ’ ಬರೆದ, ಅದೇ ಶತಮಾನದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿದೆ. ಆದರೆ ಇಂದಿನ ಪರೀಕ್ಷೆಯ ಒರೆಗೆ ಹಚ್ಚಿದರೆ, ಕುದುರೆಯ ಲದ್ದಿಯಲ್ಲಿನ ಮೊಟ್ಟೆಗಳನ್ನು ಪೇಸ್ಟ್‌ನಷ್ಟು ಖಚಿತವಾಗಿ ಇಳಿಸಬಲ್ಲ ಗಿಡಮೂಲಿಕೆ ಇನ್ನೂ ಸಿಕ್ಕಿಲ್ಲ. ಮನೆಮದ್ದು ಕೊಟ್ಟೆವೆಂದು ಪರೀಕ್ಷೆ ತಪ್ಪಿಸುವುದು ಸಲ್ಲದು.

ತೂಕ ಮತ್ತು ಕುಡಿಸುವ ಬಗೆ

ಕಣ್ಣಂದಾಜಿನಲ್ಲಿ ತೂಕ ಹಿಡಿದರೆ ಮದ್ದು ಕಡಿಮೆ ಬೀಳುವುದೇ ಹೆಚ್ಚು. ಒಂದು ಅಳತೆಪಟ್ಟಿ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಹೆಗಲಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ತೆಗೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 11,877ರಿಂದ ಭಾಗಿಸಿದರೆ ತೂಕ ಕಿಲೋಗಳಲ್ಲಿ ಬರುತ್ತದೆ. ಸುತ್ತಳತೆ 140, ಉದ್ದ 130 ಇರುವ ತಟ್ಟು ಸುಮಾರು 215 ಕಿಲೋ ತೂಗುತ್ತದೆ. ಅದಕ್ಕೆ ಬೇಕಾದ ಐವರ್ಮೆಕ್ಟಿನ್ 43 ಮಿಲಿಗ್ರಾಂ, 1.87 ಶೇಕಡಾ ಪೇಸ್ಟಿನಲ್ಲಿ ಅದು 2.3 ಗ್ರಾಂ. ಇದೇ ತಟ್ಟನ್ನು 150 ಕಿಲೋ ಎಂದು ಹಿಡಿದರೆ ಮದ್ದು ಶೇಕಡಾ 30ರಷ್ಟು ಕಡಿಮೆಯಾಗಿ, ದುರ್ಬಲ ಹುಳುಗಳು ಸತ್ತು ಗಟ್ಟಿ ಹುಳುಗಳು ಉಳಿಯುತ್ತವೆ.

ಪೇಸ್ಟ್ ಕೊಡುವ ಮುನ್ನ ಕುದುರೆಯ ಬಾಯಲ್ಲಿ ಮೇವಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು; ಮೇವಿದ್ದರೆ ಉಂಡೆಯ ಜೊತೆ ಮದ್ದನ್ನೂ ಉಗುಳುತ್ತದೆ. ಮುಂಬಲ್ಲಿಗೂ ದವಡೆಹಲ್ಲಿಗೂ ನಡುವಿನ ಬರಿ ಸಂದಿನಿಂದ ಸಿರಿಂಜನ್ನು ತೂರಿಸಿ, ನಾಲಗೆಯ ಹಿಂಬದಿಗೆ ಒತ್ತಿ, ಒಂದೆರಡು ಕ್ಷಣ ಗದ್ದ ಎತ್ತಿ ಹಿಡಿದರೆ ನುಂಗುತ್ತದೆ. ಎತ್ತಿಗೆ ಮಾಡಿದಂತೆ ಗೊಟ್ಟದಲ್ಲಿ ದ್ರವ ಸುರಿಯುವುದು ಕುದುರೆಗೆ ಹೇಳಿಸಿದ್ದಲ್ಲ. ತಲೆ ಎತ್ತಿ ಬಲವಂತವಾಗಿ ಸುರಿದ ಮದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ತಪ್ಪದು. ನೆಲಕ್ಕೆ ಬಿದ್ದ ಪೇಸ್ಟನ್ನು ಹಿಂಡಿನ ನಾಯಿ ನೆಕ್ಕದಂತೆ ನೋಡಬೇಕು. ಕುದುರೆಗೆ ಅಳೆದ ಸಾಂದ್ರತೆಯ ಐವರ್ಮೆಕ್ಟಿನ್ ನಾಯಿಯ ನರಮಂಡಲಕ್ಕೆ ವಿಷವಾಗಬಲ್ಲದು.

ಲದ್ದಿ ಪರೀಕ್ಷೆ

ವೇಳಾಪಟ್ಟಿಯ ಬುನಾದಿ ಲದ್ದಿ ಪರೀಕ್ಷೆ. ಆಗಷ್ಟೇ ಹಾಕಿದ ಲದ್ದಿಯ ಎರಡು ಮೂರು ಉಂಡೆಗಳಿಂದ ಒಂದು ಹಿಡಿಯಷ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು ಕಟ್ಟಿ, ತಣ್ಣಗಿಟ್ಟು ಅದೇ ದಿನವೋ ಮರುದಿನವೋ ತಲುಪಿಸಬೇಕು. ಬಿಸಿಲಿಗೆ ಬಿಟ್ಟರೆ ಮೊಟ್ಟೆಯೊಡೆದು ಎಣಿಕೆ ತಪ್ಪುತ್ತದೆ. ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ 1939ರಲ್ಲಿ ರೂಪುಗೊಂಡ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. 4 ಗ್ರಾಂ ಲದ್ದಿಯನ್ನು 26 ಮಿಲಿಲೀಟರ್ ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಸೋಸಿ, ಗೆರೆ ಕೊರೆದ ಗಾಜಿನ ಎರಡು ಕೋಣೆಗಳಿಗೆ ತುಂಬಿದರೆ ಹಗುರಾದ ಮೊಟ್ಟೆಗಳು ಮೇಲೆ ತೇಲುತ್ತವೆ. ಎರಡೂ ಕೋಣೆಗಳಲ್ಲಿ ಎಣಿಸಿದ ಮೊಟ್ಟೆಗಳನ್ನು 25ರಿಂದ ಗುಣಿಸಿದರೆ ಗ್ರಾಂ ಲದ್ದಿಗೆ ಎಷ್ಟು ಮೊಟ್ಟೆ ಎಂಬುದು ಸಿಗುತ್ತದೆ. 32 ಕಂಡರೆ 800 ಎಂದರ್ಥ.

ವಯಸ್ಕ ಕುದುರೆಗಳಲ್ಲಿ 200ಕ್ಕಿಂತ ಕೆಳಗಿದ್ದರೆ ಕಡಿಮೆ, 500 ಮೀರಿದರೆ ಹೆಚ್ಚು ಎಂಬುದು ಒಪ್ಪಿತ ಅಳತೆ. ವಿಶೇಷವೆಂದರೆ ಒಂದೇ ಹುಲ್ಲುಗಾವಲಿನ ಗುಂಪಿನಲ್ಲಿ ಶೇಕಡಾ 20ರ ಆಸುಪಾಸು ಕುದುರೆಗಳೇ ಒಟ್ಟು ಮೊಟ್ಟೆಗಳ ಶೇಕಡಾ 80ರಷ್ಟನ್ನು ಸುರಿಯುತ್ತವೆ, ಮತ್ತು ಈ ಗುಣ ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಅದೇ ಕುದುರೆಗಳಲ್ಲಿ ಉಳಿಯುತ್ತದೆ. ಹಾಗಾಗಿ ಎಲ್ಲಕ್ಕೂ ಒಂದೇ ದಿನ ಮದ್ದು ಕುಡಿಸುವ ಪದ್ಧತಿಗೆ ಅರ್ಥವಿಲ್ಲ. ಎಣಿಕೆಗೂ ಮಿತಿಗಳಿವೆ. ಅದು ಬಯಲು ಎಷ್ಟು ಕಲುಷಿತವಾಗುತ್ತಿದೆ ಎಂಬುದರ ಅಳತೆ, ಕುದುರೆಯ ಹೊಟ್ಟೆಯಲ್ಲಿ ಎಷ್ಟು ಹುಳುಗಳಿವೆ ಎಂಬುದರದ್ದಲ್ಲ. ಸುಪ್ತ ಮರಿಗಳು, ಬಾಟ್, ಸೂಜಿಹುಳು ಅದಕ್ಕೆ ಸಿಗುವುದಿಲ್ಲ, ಲಾಡಿಹುಳು ಅಪರೂಪಕ್ಕೆ ಸಿಗುತ್ತದೆ.

ಮದ್ದು ಕೊಟ್ಟ 14ನೆಯ ದಿನ ಇನ್ನೊಮ್ಮೆ ಎಣಿಸಿದರೆ ಮದ್ದು ನಾಟಿತೋ ಇಲ್ಲವೋ ತಿಳಿಯುತ್ತದೆ. ಫೆನ್‌ಬೆಂಡಜೋಲ್ ಕೊಟ್ಟ ಗುಂಪಿನ ಸರಾಸರಿ 800ರಿಂದ 200ಕ್ಕೆ ಇಳಿದರೆ ಅದು 75 ಶೇಕಡಾ ಇಳಿಕೆ. ಕನಿಷ್ಠ 90 ಇರಬೇಕಿತ್ತು. ಐವರ್ಮೆಕ್ಟಿನ್‌ಗೆ ಈ ಗೆರೆ 95. ಎರಡು ಎಣಿಕೆಗಳ ಖರ್ಚು ನಾಟದ ಮದ್ದನ್ನು ವರ್ಷಗಟ್ಟಲೆ ಕೊಳ್ಳುವ ಖರ್ಚಿಗಿಂತ ಕಡಿಮೆ.

ಮಳೆಯನ್ನು ನೋಡಿ ವೇಳಾಪಟ್ಟಿ

ಸ್ಟ್ರಾಂಜೈಲ್ ಮೊಟ್ಟೆ ಬೆಚ್ಚಗಿನ ಒದ್ದೆ ಹವೆಯಲ್ಲಿ ವಾರದೊಳಗೆ ಸೋಂಕುಮರಿಯಾಗಿ ಹುಲ್ಲಿನ ಎಸಳು ಏರುತ್ತದೆ. ಈ ಹಂತದ ಮರಿ ಏನನ್ನೂ ತಿನ್ನಲಾರದು, ಒಳಗಿನ ಕೂಡಿಟ್ಟ ಶಕ್ತಿಯಲ್ಲೇ ಬದುಕಬೇಕು. ಬಿಸಿ ಹೆಚ್ಚಿದಷ್ಟೂ ಆ ಶಕ್ತಿ ಬೇಗ ಕರಗಿ ಮರಿ ಸಾಯುತ್ತದೆ. ತಂಪುನಾಡುಗಳಲ್ಲಿ ಹಿಮದಡಿಯೂ ಉಳಿಯುವ ಮರಿ ವಿಜಯಪುರದ 40 ಡಿಗ್ರಿಯ ಏಪ್ರಿಲ್ ಬಿಸಿಲಿಗೆ ನಿಲ್ಲದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲೂ ಸೆಪ್ಟೆಂಬರಿನಲ್ಲೇ ಹೆಚ್ಚು ಸುರಿಯುವ ಈ ಜಿಲ್ಲೆಯಲ್ಲಿ ಸೋಂಕಿನ ಕಾಲ ಜೂನ್‌ನಿಂದ ನವೆಂಬರ್ ತನಕ ಮಾತ್ರ. ಯುರೋಪಿನ ಅಥವಾ ಅಮೆರಿಕದ ಡಬ್ಬಿಯ ಮೇಲಿನ ತಿಂಗಳುಗಳ ಪಟ್ಟಿ ಇಲ್ಲಿಗೆ ಒಗ್ಗುವುದಿಲ್ಲ. ರೈತರು ಬಿತ್ತನೆಗೆ ನೋಡುವ ಮಳೆನಕ್ಷತ್ರಗಳೇ ಇದಕ್ಕೂ ಸಾಕು.

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ, ಕಾರಹುಣ್ಣಿಮೆಯ ಆಸುಪಾಸು, ಎಲ್ಲ ಕುದುರೆಗಳ ಲದ್ದಿ ಪರೀಕ್ಷೆ ಆಗಬೇಕು. ಹೆಚ್ಚು ಮೊಟ್ಟೆ ಸುರಿಯುವವಕ್ಕೆ ಮದ್ದು. ಕಡಿಮೆ ಇರುವ ಆರೋಗ್ಯವಂತ ಕುದುರೆಗಳನ್ನು ಹಾಗೆಯೇ ಬಿಡಬೇಕು. ಇದು ವಿಚಿತ್ರವೆನಿಸಬಹುದು. ಆದರೆ ಬೇಸಿಗೆ ಮುಗಿದಾಗ ಬಯಲಿನಲ್ಲಿ ಮರಿಹುಳುಗಳೇ ಇರುವುದಿಲ್ಲ. ಇರುವ ಹುಳುಗಳೆಲ್ಲ ಕುದುರೆಗಳ ಹೊಟ್ಟೆಯಲ್ಲಿರುತ್ತವೆ. ಆಗ ಎಲ್ಲಕ್ಕೂ ಮದ್ದು ಕುಡಿಸಿದರೆ ಬದುಕಿ ಉಳಿಯುವವು ಮದ್ದಿಗೆ ಬಗ್ಗದ ಹುಳುಗಳು ಮಾತ್ರ. ಹೊಸ ಮಳೆಗೆ ಚಿಗುರುವ ಹುಲ್ಲಿನ ಮೇಲೆ ಅವುಗಳ ಸಂತತಿಯೇ ಹರಡುತ್ತದೆ. ಮದ್ದು ಕಾಣದ ಹುಳುಗಳು ಒಂದಷ್ಟು ಉಳಿದರೆ ಗಟ್ಟಿ ಹುಳುಗಳ ತಳಿ ಅವುಗಳೊಡನೆ ಬೆರೆತು ತೆಳುವಾಗುತ್ತದೆ. ಮುಂಗಾರಿಗೆ ಮುನ್ನ ಇಡೀ ಹಿಂಡಿಗೆ ಜಂತಿನ ಮದ್ದು ಎಂಬ ರೂಢಿ ಕುರಿಗಾಗಿ ಬಂದದ್ದು. ಅದನ್ನು ಕುದುರೆಗೂ ಹಾಗೆಯೇ ಎಳೆದು ತರುವುದಕ್ಕೆ ಕಾರಣವಿಲ್ಲ.

ಹುಬ್ಬಿ, ಉತ್ತರಿ ಮಳೆಗಳ ನಡುವೆ, ಅಂದರೆ ಸೆಪ್ಟೆಂಬರಿನಲ್ಲಿ, ಹೆಚ್ಚು ಮೊಟ್ಟೆಯ ಕುದುರೆಗಳನ್ನೂ ಮೂರು ವರ್ಷದೊಳಗಿನವನ್ನೂ ಮತ್ತೆ ನೋಡಬೇಕು. ಐವರ್ಮೆಕ್ಟಿನ್ ಕೊಟ್ಟ ಮೇಲೆ ಮೊಟ್ಟೆ ಮರಳಿ ಕಾಣಲು 6ರಿಂದ 8 ವಾರ, ಮಾಕ್ಸಿಡೆಕ್ಟಿನ್‌ಗೆ 10ರಿಂದ 12 ವಾರ, ಫೆನ್‌ಬೆಂಡಜೋಲ್ ಮತ್ತು ಪೈರಾಂಟೆಲ್‌ಗೆ 4ರಿಂದ 5 ವಾರ ಹಿಡಿಯಬೇಕು. ಇದಕ್ಕಿಂತ ಮೊದಲೇ ಕಂಡರೆ ಮದ್ದಿನ ಬಲ ಕುಗ್ಗುತ್ತಿದೆ ಎಂದು ತಿಳಿಯಬೇಕು. ಸ್ವಾತಿ ಮಳೆ ಮುಗಿದು ಹಿಂಡು ಹೊರಡುವ ಮುನ್ನ, ನವೆಂಬರಿನಲ್ಲಿ, ಎಣಿಕೆ ಎಷ್ಟೇ ಇರಲಿ ಎಲ್ಲ ಕುದುರೆಗಳಿಗೂ ಒಂದು ಸಲ ಮದ್ದು ಬೇಕು. ಐವರ್ಮೆಕ್ಟಿನ್ ಮತ್ತು ಪ್ರಾಜಿಕ್ವಾಂಟೆಲ್ ಕೂಡಿದ್ದು ಇದಕ್ಕೆ ಅನುಕೂಲ: ಬಾಟ್, ಲಾಡಿಹುಳು, ದೊಡ್ಡ ಸ್ಟ್ರಾಂಜೈಲ್ ಮರಿಗಳು ಒಂದೇ ಏಟಿಗೆ ಹೋಗುತ್ತವೆ. ಬಯಲಿನಲ್ಲಿ ಆಗಿನ್ನೂ ಹಸಿರಿದ್ದು ಮರಿಹುಳುಗಳೂ ಉಳಿದಿರುವುದರಿಂದ ಎಲ್ಲಕ್ಕೂ ಕೊಡುವ ಅಪಾಯ ಜೂನಿನಷ್ಟಿಲ್ಲ. ಫೆಬ್ರುವರಿಯಿಂದ ಮೇ ತನಕ ಕಣಿಕೆ ತಿಂದುಕೊಂಡಿರುವ ವಯಸ್ಕ ಕುದುರೆಗೆ, ರೋಗಲಕ್ಷಣ ಇಲ್ಲದಿದ್ದರೆ, ಏನೂ ಬೇಡ.

ಈ ಲೆಕ್ಕ ಕಾಲುವೆಯ ದಂಡೆಯಲ್ಲಿ ಕೆಡುತ್ತದೆ. ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ನೀರು ಬಂದ ಮೇಲೆ ಬಾಗೇವಾಡಿ, ಮುದ್ದೇಬಿಹಾಳದ ಹಲವೆಡೆ, ಇಂಡಿ ಶಾಖಾ ಕಾಲುವೆಯ ಉದ್ದಕ್ಕೂ ಬೇಸಿಗೆಯಲ್ಲೂ ಹಸಿಹುಲ್ಲು ಸಿಗುತ್ತದೆ. ಅಲ್ಲಿ ಬಿಸಿಲು ಮಾಡುತ್ತಿದ್ದ ಶುದ್ಧೀಕರಣ ನಿಂತುಹೋಗಿದೆ. ಅಂಥ ಕಡೆ ವರ್ಷವಿಡೀ ಮೇಯುವ ಕುದುರೆಗೆ ಫೆಬ್ರುವರಿಯಲ್ಲಿ ಇನ್ನೊಂದು ಪರೀಕ್ಷೆ ಸೇರಿಸಬೇಕು. ನಗರದ ಟಾಂಗಾ ಕುದುರೆಯದು ಇದಕ್ಕೆ ವಿರುದ್ಧ: ಹುಲ್ಲುಗಾವಲು ಕಾಣದೆ ಕಟ್ಟಿಹಾಕಿದಲ್ಲೇ ಒಣಮೇವು ತಿನ್ನುವ ಅದಕ್ಕೆ ಸ್ಟ್ರಾಂಜೈಲ್ ಕಾಟ ಅತಿ ಕಡಿಮೆ.

ಮರಿಕುದುರೆಗೆ ಮಳೆಗಿಂತ ವಯಸ್ಸೇ ಪಂಚಾಂಗ. ಎರಡು-ಮೂರು ತಿಂಗಳಿಗೆ ಮೊದಲ ಮದ್ದು, ಅದು ಫೆನ್‌ಬೆಂಡಜೋಲ್ ಆಗಿರಬೇಕು. ಕರುಳಿನ ತುಂಬ ದುಂಡುಹುಳು ಇರುವ ಮರಿಗೆ ಅವನ್ನು ತಟ್ಟನೆ ಸ್ತಬ್ಧಗೊಳಿಸುವ ಮದ್ದು ಕೊಟ್ಟರೆ ಹುಳುಗಳು ಹಗ್ಗದ ಸುರುಳಿಯಂತೆ ಕರುಳನ್ನು ಮುಚ್ಚಿ, ಕರುಳು ಒಡೆದು ಮರಿ ಸಾಯಬಹುದು. ನಿಧಾನವಾಗಿ ಕೊಲ್ಲುವ ಮದ್ದು ಇಲ್ಲಿ ಒಳಿತು. ಇನ್ನೊಂದು ಕಾರಣವೂ ಇದೆ: ಈ ಹುಳು ಐವರ್ಮೆಕ್ಟಿನ್ ಗುಂಪಿಗೆ ಒಗ್ಗಿದ್ದು 2002ರಲ್ಲಿ ನೆದರ್ಲೆಂಡ್ಸಿನಿಂದ ಮೊದಲು ವರದಿಯಾಗಿ, ಆಮೇಲೆ ಹಲವು ದೇಶಗಳಲ್ಲಿ ಕಂಡಿತು. ಹಾಲು ಬಿಡಿಸುವ ಮುನ್ನ ಎರಡನೆಯದು, 9 ಮತ್ತು 12 ತಿಂಗಳ ಸುಮಾರಿಗೆ ಸ್ಟ್ರಾಂಜೈಲ್ ಮತ್ತು ಲಾಡಿಹುಳುವಿಗೆ ಇನ್ನೆರಡು. ತಾಯಿಗೆ ಈಯುವ ಹೊತ್ತಿನಲ್ಲಿ ಐವರ್ಮೆಕ್ಟಿನ್ ಕೊಟ್ಟರೆ ಹಾಲಿನ ಮೂಲಕ ಮರಿಗೆ ದಾಟುವ ಎಳೆಹುಳುವಿನ ಕಾಟ ತಗ್ಗುತ್ತದೆ.

ಜಾತ್ರೆ, ಸಂತೆಗಳಿಂದ ಕೊಂಡುತಂದ ಕುದುರೆಯನ್ನು ನೇರ ಹಿಂಡಿಗೆ ಬಿಡುವುದು ಬೇರೆಯವರ ಒಗ್ಗಿದ ಹುಳುಗಳನ್ನು ದುಡ್ಡು ಕೊಟ್ಟು ತಂದಂತೆ. ಬೇರೆ ಕಟ್ಟಿ, ಲದ್ದಿ ಎಣಿಸಿ, ಮದ್ದು ಕೊಟ್ಟು, 14ನೆಯ ದಿನದ ಎಣಿಕೆ ನೋಡಿ ಸೇರಿಸಿಕೊಳ್ಳಬೇಕು.

ಮದ್ದಿಲ್ಲದ ಹತೋಟಿ

ಕುರಿ ಮತ್ತು ಕುದುರೆಗಳ ಜಂತುಗಳು, ಒಂದೆರಡು ಜಾತಿಗಳನ್ನು ಬಿಟ್ಟರೆ, ಪರಸ್ಪರ ಒಗ್ಗುವುದಿಲ್ಲ. ಕುದುರೆಯ ಮರಿಹುಳುವನ್ನು ಕುರಿ ನುಂಗಿದರೆ ಹುಳು ಅಲ್ಲಿಗೇ ಸಾಯುತ್ತದೆ. ಇಂಗ್ಲೆಂಡಿನ ಕುದುರೆ ಸಾಕುವವರಿಗೆ ಇಂದು ತಜ್ಞರು ಬೋಧಿಸುವ ಮಿಶ್ರ ಮೇಯಿಸುವಿಕೆಯನ್ನು ಹಾಲುಮತದ ಕುರಿಗಾರರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ನೂರಾರು ಕುರಿಗಳ ನಡುವೆ ಎರಡೋ ಮೂರೋ ತಟ್ಟು, ಅದೂ ದಿನಕ್ಕೊಂದು ಹೊಲ: ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಯೋಜಿಸುವುದು ಕಷ್ಟ. ಈ ತಟ್ಟುಗಳು ಒಂದೇ ತೋಟದಲ್ಲಿ ನೆಲೆನಿಂತ ಕುದುರೆಗಳಷ್ಟು ಮದ್ದು ಬೇಡುವುದಿಲ್ಲ.

ಒಂದೆಡೆ ನಿಂತ ಕುದುರೆಗೆ ವಾರಕ್ಕೆ ಎರಡು ಸಲ ಬಯಲಿನ ಲದ್ದಿ ಎತ್ತುವುದು ಯಾವ ಮದ್ದಿಗೂ ಕಡಿಮೆಯಿಲ್ಲದ ಕೆಲಸ. ಎತ್ತಿದ್ದನ್ನು ತಿಪ್ಪೆಯಲ್ಲಿ ಕೊಳೆಯಿಸಬೇಕು. ತಿಪ್ಪೆಯ ಒಳಗಾವಿಗೆ ಮರಿಹುಳುಗಳು ಸಾಯುತ್ತವೆ. ಹಸಿ ಲದ್ದಿಯನ್ನು ಮೇವಿನ ಹೊಲಕ್ಕೆ ಹರಡಬಾರದು. ಐವರ್ಮೆಕ್ಟಿನ್ ಕೊಟ್ಟ ಮೊದಲ ದಿನಗಳ ಲದ್ದಿಯಲ್ಲಿ ಮದ್ದಿನ ಅಂಶ ಉಳಿದು, ಅದನ್ನು ಉರುಳಿಸಿ ಮಣ್ಣಿಗೆ ಸೇರಿಸುವ ಜೀರುಂಡೆಗಳ ಮರಿಗಳನ್ನೂ ಕೊಲ್ಲುತ್ತದೆ. ಬೇಡದಿದ್ದಾಗ ಮದ್ದು ಕೊಡಬಾರದೆಂಬುದಕ್ಕೆ ಇದೂ ಒಂದು ಕಾರಣ.

ಔಷಧಗಳ ಚರಿತ್ರೆ ಮತ್ತು ನಿರೋಧ

1940ರ ದಶಕದ ಫಿನೋಥಯಾಜಿನ್, ಆಮೇಲೆ ಪೈಪರಜೀನ್, 1961ರಲ್ಲಿ ಥಯಾಬೆಂಡಜೋಲ್ ಹೀಗೆ ಆಧುನಿಕ ಜಂತುನಾಶಕಗಳು ಒಂದೊಂದಾಗಿ ಬಂದವು. 1966ರಲ್ಲಿ ಅಮೆರಿಕದ ಕೆಂಟಕಿಯ ಡ್ರಜ್ ಮತ್ತು ಲಯನ್ಸ್ ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗಳಿಗೂ ಮದ್ದು ಕೊಡುವ ಯೋಜನೆ ಮುಂದಿಟ್ಟರು. ಅವರ ಗುರಿ ದೊಡ್ಡ ಸ್ಟ್ರಾಂಜೈಲ್. ಅದು ಬಹುತೇಕ ಮರೆಯಾದ ಮೇಲೂ ಪದ್ಧತಿ ಮಾತ್ರ ದಶಕಗಟ್ಟಲೆ ಜಗತ್ತಿನಾದ್ಯಂತ ನಡೆದು ಸಣ್ಣ ಸ್ಟ್ರಾಂಜೈಲ್‌ಗಳ ನಿರೋಧವನ್ನು ಬೆಳೆಸಿತು. ಡೆನ್ಮಾರ್ಕ್ 1999ರಲ್ಲಿ ವೈದ್ಯರ ಚೀಟಿಯಿಲ್ಲದೆ ಈ ಮದ್ದು ಮಾರದಂತೆ ಕಾನೂನು ಮಾಡಿತು. ಅಲ್ಲಿ ಎಣಿಕೆ ನೋಡಿಯೇ ಮದ್ದು ಕೊಡುತ್ತಿದ್ದ ಕ್ಷೇತ್ರಗಳಲ್ಲಿ ಕೆಲವು ವರ್ಷಗಳ ಮೇಲೆ ದೊಡ್ಡ ಸ್ಟ್ರಾಂಜೈಲ್ ಮತ್ತೆ ಹೆಚ್ಚಿತು. ವರ್ಷಕ್ಕೊಮ್ಮೆಯಾದರೂ ಎಲ್ಲಕ್ಕೂ ಮದ್ದು ಬೇಕೆಂಬ ಈಗಿನ ನಿಲುವಿಗೆ ಈ ಅನುಭವವೇ ಆಧಾರ.

ಭಾರತದಲ್ಲಿ ಇಂಥ ಚೀಟಿಯ ಕಟ್ಟುನಿಟ್ಟು ಆಚರಣೆಯಲ್ಲಿಲ್ಲ. ಜಂತಿನ ಮದ್ದು ಕೇಳಿದವರಿಗೆ ಸಿಗುತ್ತದೆ. ಕರ್ನಾಟಕದಲ್ಲಿ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾಲಯವನ್ನು 1962ಕ್ಕೆ ಕರೆ ಮಾಡಿ ಪಡೆಯಬಹುದು. ಮದ್ದಿನ ಅಂಗಡಿಗೆ ಹೋಗುವ ಮುನ್ನ ಒಂದು ಹಿಡಿ ಲದ್ದಿಯನ್ನು ಪಶು ಆಸ್ಪತ್ರೆಗೆ ಒಯ್ಯುವುದು ಒಳಿತು. ಇರುವ ಮದ್ದುಗಳನ್ನು ಜೋಪಾನ ಮಾಡಬೇಕೆಂಬುದಕ್ಕೆ ಅವುಗಳ ಚರಿತ್ರೆಯೂ ಕಾರಣ. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್‌ನ ಮೂಲದ್ರವ್ಯವನ್ನು ಕಂಡುಹಿಡಿದದ್ದಕ್ಕೆ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂದಿತು. ಆ ಮದ್ದು ಪಶುವೈದ್ಯಕ್ಕೆ ಬಂದದ್ದು 1981ರಲ್ಲಿ. ಕುದುರೆಯ ದುಂಡುಹುಳುಗಳಿಗೆ ಅದರ ತರುವಾಯ ಹೊಸ ಗುಂಪಿನ ಒಂದು ಮದ್ದೂ ಮಾರುಕಟ್ಟೆಗೆ ಬಂದಿಲ್ಲ.